ಒಂದು ದಿನದ ತರಬೇತಿ ಯಾರಿಗಾಗಿ?

"ಆಯ್ತು ಸ್ವಾಮಿ, ಮಾಡೋಣ."

ನಮ್ಮ ಹಳ್ಳಿಗಳಲ್ಲಿ ಸಲಹೆ ಕೊಡಲು ಬಂದವರಿಗೆ ಸಿಗುವ ಉತ್ತರ ಬಹುಮಟ್ಟಿಗೆ ಇದೊಂದೇ. ಕೃಷಿ ಸಹಾಯಕರು ಬೀಜೋಪಚಾರ ಮಾಡಿ ಎಂದರೂ ಆಯ್ತು ಸ್ವಾಮಿ, ಬ್ಯಾಂಕಿನವರು ಕಂತು ಕಟ್ಟಿ ಎಂದರೂ ಆಯ್ತು ಸ್ವಾಮಿ, ಪಶುವೈದ್ಯರು ಹಾಲು ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ಎಂದರೂ ಆಯ್ತು ಸ್ವಾಮಿ. ಹೇಳಿದವರು ತಮ್ಮ ಡೈರಿಯಲ್ಲಿ ಒಂದು ಗೆರೆ ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಕೇಳಿಸಿಕೊಂಡವರು ಹೆಗಲ ಮೇಲಿನ ಟವೆಲು ಕೊಡವಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇಬ್ಬರಿಗೂ ಬೇಸರವಿಲ್ಲ. ತೊಂದರೆ ಏನಿದ್ದರೂ ಹಸುವಿನ ಕೆಚ್ಚಲಿಗೆ.

ಹೀಗೆ ಸಲಹೆ ಕೊಡುವವರಿಗೆ, ಸಲಹೆಯನ್ನು ಹೇಗೆ ಕೊಡಬೇಕು, ಅದಕ್ಕಿಂತ ಮೊದಲು ಎದುರಿಗಿರುವವರ ಮಾತನ್ನು ಹೇಗೆ ಕೇಳಬೇಕು ಎಂದು ಕಲಿಸುವುದು ನನ್ನ ಜೀವನೋಪಾಯ. ನಾನು ಯಾವ ಇಲಾಖೆಯ ನೌಕರನೂ ಅಲ್ಲ. ಹಾಲು ಒಕ್ಕೂಟ, ಸ್ವಯಂಸೇವಾ ಸಂಸ್ಥೆ, ಕುಡಿತ ಬಿಡಿಸುವ ಶಿಬಿರ ನಡೆಸುವವರು, ಯಾರು ಕರೆದರೆ ಅವರಲ್ಲಿಗೆ ಹೋಗಿ ಕಲಿಸಿ ಸಂಭಾವನೆ ಪಡೆದು ಬರುವ ಸ್ವತಂತ್ರ ತರಬೇತುದಾರ. ಕಲಿಸುವ ವಿದ್ಯೆಗೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂದು ಹೆಸರು. ಕನ್ನಡದಲ್ಲಿ ಪ್ರೇರಣಾ ಸಂದರ್ಶನ ಎನ್ನಬಹುದು. ಸಂದರ್ಶನ ಎಂದೊಡನೆ ಕೆಲಸ ಕೊಡುವ ಸಂದರ್ಶನವೆಂದು ತಿಳಿದು, ಮಗನ ಅಂಕಪಟ್ಟಿ ಹಿಡಿದು ಬಂದವರೊಬ್ಬರನ್ನು ನಾನು ಕಂಡಿದ್ದೇನೆ. ಆದುದರಿಂದ ಇಲ್ಲಿ ಪ್ರೇರಣಾ ಸಂವಾದ ಎಂದೇ ಕರೆಯುತ್ತೇನೆ.

ನನ್ನ ಕಸುಬಿನ ಒಳಗುಟ್ಟನ್ನು ಕೃಷಿ ಪುಟದಲ್ಲಿ ಬರೆಯುವುದೇಕೆ ಎಂದು ಕೇಳಬಹುದು. ನಿಮ್ಮ ಹಟ್ಟಿಗೆ ಬರುವ ವೈದ್ಯರು, ಹೊಲಕ್ಕೆ ಬರುವ ಸಹಾಯಕರು, ಮನೆಯಲ್ಲಿ ಯಾರಾದರೂ ಕುಡಿತಕ್ಕೆ ಬಿದ್ದಿದ್ದರೆ ಬಂದು ಕೂರುವ ಸಲಹೆಗಾರರು, ಇವರ ತರಬೇತಿಗೆ ಖರ್ಚಾಗುವ ಹಣ ಸುತ್ತಿ ಬಳಸಿ ನಿಮ್ಮದೇ. ಹಾಲಿನ ಲೀಟರಿನಲ್ಲಿ ಸೇರಿರುತ್ತದೆ, ಕಂದಾಯದಲ್ಲಿ ಸೇರಿರುತ್ತದೆ. ಆ ಹಣದಲ್ಲಿ ಬಹುಪಾಲು ವ್ಯರ್ಥವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ವ್ಯರ್ಥ ಮಾಡಿದವರಲ್ಲಿ ನಾನೂ ಒಬ್ಬ.

ಮೊದಲು ಈ ವಿದ್ಯೆ ಎಲ್ಲಿಂದ ಬಂತೆಂದು ತಿಳಿಯುವುದು ಒಳ್ಳೆಯದು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಕುಡಿತದ ಚಟಕ್ಕೆ ಬಿದ್ದವರ ಚಿಕಿತ್ಸೆ ಅವರ ವಿಷಯ. ಆ ಕಾಲದಲ್ಲಿ ಅಲ್ಲಿ ಕುಡುಕರನ್ನು ಎದುರು ಕೂರಿಸಿಕೊಂಡು, ನೀನು ಕುಡುಕ, ಒಪ್ಪಿಕೊ ಎಂದು ಜಗ್ಗಿಸಿ ಕೇಳುವುದೇ ಚಿಕಿತ್ಸೆಯ ರೂಢಿಯಾಗಿತ್ತು. ಆದರೆ ಮಿಲ್ಲರ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಎದುರಿನವರ ಕಷ್ಟವನ್ನು ಅರಿತು ಮಾತಾಡುವ ಸಲಹೆಗಾರರ ಬಳಿ ಹೋದವರು ಹೆಚ್ಚು ಗುಣ ಕಂಡದ್ದು ಗೊತ್ತಾಯಿತು. 1982ರಲ್ಲಿ ಮಿಲ್ಲರ್ ನಾರ್ವೆ ದೇಶದ ಬರ್ಗೆನ್ ನಗರದ ಬಳಿ ಒಂದು ಚಿಕಿತ್ಸಾಲಯದಲ್ಲಿ ಕೆಲವು ಕಾಲ ಇದ್ದರು. ಅಲ್ಲಿನ ತರುಣ ಮನಶ್ಶಾಸ್ತ್ರಜ್ಞರು ತಾವೇ ರೋಗಿಗಳಂತೆ ನಟಿಸಿ, ನೀವು ಹೇಗೆ ಮಾತಾಡುತ್ತೀರಿ ತೋರಿಸಿ ಎಂದರು. ತೋರಿಸುವಾಗ ನಡುನಡುವೆ ತಡೆದು, ಈ ಮಾತನ್ನೇ ಏಕೆ ಆಡಿದಿರಿ, ಇದನ್ನೇ ಏಕೆ ಕೇಳಿದಿರಿ ಎಂದು ಕೆದಕಿದರು. ತಮಗೆ ಅರಿವಿಲ್ಲದೆಯೇ ಕೆಲವು ನಿಯಮಗಳನ್ನು ಅನುಸರಿಸುತ್ತಿದ್ದುದು ಮಿಲ್ಲರ್ ಅವರಿಗೆ ಆಗ ಹೊಳೆಯಿತು. ಅದನ್ನೇ ಬರೆದು 1983ರಲ್ಲಿ ಪ್ರಕಟಿಸಿದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ಬೆಳೆದು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರಾಲ್ನಿಕ್ ಅವರೊಡನೆ ಸೇರಿ 1991ರಲ್ಲಿ ಪುಸ್ತಕ ಹೊರತಂದರು. ಅದರ ನಾಲ್ಕನೆಯ ಪರಿಷ್ಕೃತ ಆವೃತ್ತಿ 2023ರಲ್ಲಿ ಬಂದಿದೆ.

ವಿದ್ಯೆಯ ತಿರುಳು ಇಷ್ಟೆ. ಬದಲಾವಣೆಯ ಮಾತು ಬಂದಾಗ ಮನುಷ್ಯನಿಗೆ ಸಾಮಾನ್ಯವಾಗಿ ಇಬ್ಬಗೆಯ ಮನಸ್ಸು. ಮಾಡಬೇಕೆಂದೂ ಇರುತ್ತದೆ, ಬೇಡವೆಂದೂ ಇರುತ್ತದೆ. ನೀವು ಹೊರಗಿನಿಂದ ಬಂದು "ಮಾಡು" ಎಂದು ಒಂದು ಕಡೆ ಎಳೆದರೆ, ಎದುರಿನವನು ಹಗ್ಗಜಗ್ಗಾಟದವನಂತೆ ಇನ್ನೊಂದು ಕಡೆಗೆ ಕಾಲೂರುತ್ತಾನೆ. ಬೇಡವೆನ್ನುವುದಕ್ಕೆ ಕಾರಣಗಳನ್ನು ತಾನೇ ಹುಡುಕಿ ಹುಡುಕಿ ಹೇಳುತ್ತಾನೆ. ಹೇಳಿದಷ್ಟೂ ಆ ಕಾರಣಗಳು ಅವನಿಗೇ ಗಟ್ಟಿಯಾಗುತ್ತವೆ. ಬಾಯಿಬಿಟ್ಟು ವಾದಿಸದ ಸಭ್ಯಸ್ಥನಾದರೆ "ಆಯ್ತು ಸ್ವಾಮಿ" ಎನ್ನುತ್ತಾನೆ. ಅದರ ಬದಲು, ಮಾಡಬೇಕೆನ್ನುವುದಕ್ಕೆ ಅವನ ಮನಸ್ಸಿನಲ್ಲಿ ಈಗಾಗಲೇ ಇರುವ ಕಾರಣ ಅವನ ಬಾಯಿಂದಲೇ ಬರುವಂತೆ ಮಾತು ನಡೆಸಬೇಕು. ಅದಕ್ಕೆ ಹೌದು ಅಲ್ಲ ಎಂದು ಮುಗಿಯದಂಥ ಪ್ರಶ್ನೆ ಕೇಳಬೇಕು. ಅವನು ಪಟ್ಟ ಪಾಡನ್ನು, ಮಾಡಿದ ಒಳ್ಳೆಯ ಕೆಲಸವನ್ನು ಗುರುತಿಸಿ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವನು ಆಡಿದ ಮಾತಿನ ಹುರುಳನ್ನು ಹಿಡಿದು ಅವನಿಗೇ ಹಿಂದಿರುಗಿಸಬೇಕು. ಇದನ್ನು ನಾನು ಮರುನುಡಿ ಎಂದು ಕರೆಯುತ್ತೇನೆ. ತಿಳಿವಳಿಕೆ ಕೊಡುವುದಿದ್ದರೆ ಅಪ್ಪಣೆ ಕೇಳಿ ಕೊಟ್ಟು, ಅದರ ಬಗ್ಗೆ ಅವನಿಗೇನು ತೋರಿತು ಎಂದು ಮತ್ತೆ ಕೇಳಬೇಕು.

ಹೇಳುವುದಕ್ಕೆ ಸುಲಭ. ಮಾಡಲು ಹೋದರೆ ನಾಲಿಗೆಯ ತುದಿಯಲ್ಲಿ ಬುದ್ಧಿವಾದ ಕುಳಿತಿರುತ್ತದೆ. ಅದನ್ನು ತಿದ್ದುವ ಚಪಲ ಎನ್ನೋಣ. ಹೆಚ್ಚು ಓದಿದವರಿಗೆ ಅದು ಹೆಚ್ಚು.

ಒಂದು ಮಾತುಕತೆಯನ್ನು ಇಲ್ಲಿ ಕೊಡುತ್ತೇನೆ. ಊರು, ಹೆಸರು ಬೇಡ. ಒಬ್ಬ ರೈತರ ಮಿಶ್ರತಳಿ ಹಸುವಿಗೆ ಮೇಲಿಂದ ಮೇಲೆ ಕೆಚ್ಚಲು ಬಾವು. ವೈದ್ಯರು ಮೂರು ಸಲ ಬಂದು ಔಷಧಿ ಕೊಟ್ಟಿದ್ದರು. ಮೂರು ಸಲವೂ, ಕರೆದ ಕೂಡಲೇ ಮೊಲೆತೊಟ್ಟು ಅದ್ದಬೇಕು, ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಹಸು ಸಗಣಿಯ ಮೇಲೆ ಮಲಗದಂತೆ ಮುಂದೆ ಹುಲ್ಲು ಹಾಕಿ ನಿಲ್ಲಿಸಬೇಕು ಎಂದು ಹೇಳಿದ್ದರು. ಹೇಳಿದ್ದೆಲ್ಲ ಸರಿಯೇ. ಮೂರು ಸಲವೂ ಆಯ್ತು ಸ್ವಾಮಿ. ನಾಲ್ಕನೆಯ ಸಲ ಅದೇ ವೈದ್ಯರು ಬೇರೆ ರೀತಿಯಲ್ಲಿ ಮಾತು ತೆಗೆದರು.

"ಬೆಳಿಗ್ಗೆ ಹಾಲು ಕರೆದಾದ ಮೇಲೆ ನಿಮ್ಮಲ್ಲಿ ಏನೇನು ನಡೆಯುತ್ತೆ?"

"ಏನು ನಡೆಯುತ್ತೆ ಸ್ವಾಮಿ, ಡೇರಿ ಬಾಗಿಲು ಹಾಕಿಬಿಡ್ತಾರೆ ಅಂತ ಕ್ಯಾನ್ ಹಿಡ್ಕೊಂಡು ಓಡ್ತೀನಿ."

"ಆ ಹೊತ್ತಿನಲ್ಲಿ ನಿಮಗೆ ಉಸಿರಾಡಲೂ ಪುರುಸೊತ್ತಿಲ್ಲ."

"ಹೂಂ. ಆದ್ರೆ ಹೋದ ಸೂಲಿನಲ್ಲಿ ಒಂದು ಮೊಲೆ ಬತ್ತಿಹೋಯ್ತಲ್ಲ, ಅದು ಚುಚ್ತಾನೇ ಇದೆ. ಇನ್ನೊಂದು ಹೋದ್ರೆ ಈ ಹಸು ಮಾರಬೇಕು."

"ಇನ್ನೊಂದು ಹೋಗಲು ಬಿಡಬಾರದು ಅಂತ ನಿಮ್ಮ ಮನಸ್ಸಿನಲ್ಲಿದೆ."

"ಬಿಡೋದುಂಟೆ? ಮಗಳ ಫೀಸು ಇದರ ಹಾಲಿನಲ್ಲೇ ಕಟ್ಟೋದು. ಒಂದು ಮಾತು ಹೇಳ್ತೀನಿ ಸ್ವಾಮಿ, ಹಾಲು ಕರೆಯೋದು ನಾನಲ್ಲ. ನಮ್ಮ ಮನೆಯವರು. ನೀವು ಆ ಔಷಧಿ ಅದ್ದೋದನ್ನ ಅವರಿಗೆ ತೋರಿಸಿಕೊಟ್ರೆ ಆಗುತ್ತೆ."

ಮೂರು ಭೇಟಿಗಳಲ್ಲಿ ಹೊರಬೀಳದ ಸಂಗತಿ ಇದು. ವೈದ್ಯರು ಸಲಹೆ ಕೊಡುತ್ತಿದ್ದುದು ಹಾಲು ಕರೆಯದವರಿಗೆ! ಕರೆಯುವಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೋ ಇಲ್ಲವೋ ಯಾರೂ ವಿಚಾರಿಸಿರಲಿಲ್ಲ. ಆ ದಿನ ವೈದ್ಯರು ಆಕೆಯನ್ನು ಕರೆದು, ಒಂದು ಚಿಕ್ಕ ಲೋಟದಲ್ಲಿ ದ್ರಾವಣ ಹಾಕಿ ನಾಲ್ಕು ತೊಟ್ಟುಗಳನ್ನೂ ಅದ್ದಿ ತೋರಿಸಿದರು. ಹತ್ತು ನಿಮಿಷದ ಕೆಲಸ.

ಈ ಮಾತುಕತೆ ನನಗೆ ಹೇಗೆ ಸಿಕ್ಕಿತೆಂದರೆ, ಆ ವೈದ್ಯರು ರೈತರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಮುದ್ರಿಸಿಕೊಂಡು ನನಗೆ ಕಳಿಸಿದ್ದರು. ತರಬೇತಿ ಮುಗಿದು ನಾಲ್ಕು ತಿಂಗಳಾಗಿತ್ತು. ಮೊದಲ ತಿಂಗಳು ಅವರು ಕಳಿಸಿದ ಮುದ್ರಿಕೆಯಲ್ಲಿ ಹದಿನೇಳು ಪ್ರಶ್ನೆ, ಒಂದು ಮರುನುಡಿ. ರೈತನ ಮನೆಯಲ್ಲ, ಪೊಲೀಸ್ ಠಾಣೆ ಎನ್ನಬೇಕು. ಎಣಿಸಿ ತೋರಿಸಿದೆ. ಸ್ವಲ್ಪ ಬೇಸರಪಟ್ಟರು. ಎರಡನೆಯದು ಪರವಾಗಿಲ್ಲ. ಮೇಲೆ ಕೊಟ್ಟಿರುವುದು ಐದನೆಯದು. ಈ ವಿದ್ಯೆಯನ್ನು ಅಳೆಯುವವರು ಇಟ್ಟುಕೊಂಡಿರುವ ಅಳತೆಯಲ್ಲಿ, ಒಂದು ಪ್ರಶ್ನೆಗೆ ಒಂದು ಮರುನುಡಿ ಇದ್ದರೆ ಸಾಧಾರಣ, ಎರಡಿದ್ದರೆ ಉತ್ತಮ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ನಾನು ಈ ಕಸುಬಿಗೆ ಇಳಿದ ಹೊಸದರಲ್ಲಿ ಒಂದು ಸಂಸ್ಥೆಯವರು ಮಾರ್ಚ್ ತಿಂಗಳ ಮೂರನೆಯ ವಾರ ಫೋನು ಮಾಡಿದರು. ಮಾರ್ಚ್ ತಿಂಗಳ ಮಹಿಮೆ ಓದುಗರಿಗೆ ಗೊತ್ತಿರುವುದೇ. ಮೂವತ್ತೊಂದರೊಳಗೆ ಹಣ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಅರವತ್ತು ಮಂದಿ ಕ್ಷೇತ್ರ ಸಿಬ್ಬಂದಿಗೆ ಒಂದು ದಿನದ ತರಬೇತಿ ಆಗಬೇಕು ಎಂದರು. ಅರವತ್ತು ಮಂದಿ ಹೆಚ್ಚಾಯಿತು, ಒಂದು ದಿನ ಸಾಲದು ಎಂದು ನಾನು ಮೆಲ್ಲಗೆ ಹೇಳಿದೆ. ಹಾಗೇ ಆಗಲಿ ಎಂದರೆ ಇನ್ನೊಬ್ಬರನ್ನು ಕರೆಯುತ್ತೇವೆ ಎಂದರು. ಮನೆಯಲ್ಲಿ ಮಗನ ಕಾಲೇಜಿನ ಶುಲ್ಕ ಕಟ್ಟುವ ಕಾಲ. ಹೋದೆ.

ಹತ್ತು ಗಂಟೆಗೆ ಎಂದಿದ್ದುದು ಅತಿಥಿಗಳು ಬರುವ ಹೊತ್ತಿಗೆ ಹನ್ನೊಂದೂವರೆ. ದೀಪ ಬೆಳಗಿಸಿ, ಹಾರ ಹಾಕಿ, ಮೂವರು ಭಾಷಣ ಮುಗಿಸುವಾಗ ಊಟದ ಹೊತ್ತು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯವರೆಗೆ ನನ್ನ ಪಾಠ. ನಡುವೆ ಕಾಫಿ. ಕೊನೆಯಲ್ಲಿ ಪ್ರಮಾಣಪತ್ರ, ಗುಂಪಿನ ಫೋಟೊ. ಅಭಿಪ್ರಾಯದ ಹಾಳೆ ಹಂಚಿದಾಗ ಅರವತ್ತರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ "ಅತ್ಯುತ್ತಮ" ಎಂದು ಗುರುತು ಹಾಕಿದ್ದರು. ನಾನು ಸಂತೋಷದಿಂದ ಚೆಕ್ಕು ಪಡೆದು ಬಸ್ಸು ಹತ್ತಿದೆ.

ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಒಂದು ಹಳ್ಳಿಗೆ ಹೋಗಿದ್ದಾಗ, ಅರಳಿಕಟ್ಟೆಯ ಬಳಿ ಒಬ್ಬ ತರುಣ ವಯಸ್ಸಾದ ರೈತರೊಬ್ಬರನ್ನು ನಾಲ್ಕು ಜನರ ಮುಂದೆ ಗದರಿಸುತ್ತಿದ್ದ. "ನಿಮಗೆ ಎಷ್ಟು ಸಲ ಹೇಳಬೇಕು? ನಿಮ್ಮಂಥವರಿಂದಲೇ ಊರಿನ ಹಾಲೆಲ್ಲ ಕೆಡೋದು." ರೈತರು ತಲೆ ತಗ್ಗಿಸಿ ಆಯ್ತು ಸ್ವಾಮಿ ಎಂದರು. ತರುಣ ನನ್ನನ್ನು ನೋಡಿ ಗುರುತು ಹಿಡಿದು ಓಡಿ ಬಂದ. "ಸಾರ್, ನಿಮ್ಮ ಟ್ರೈನಿಂಗು ಬಹಳ ಉಪಯೋಗ ಆಯ್ತು ಸಾರ್" ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದ. ಆ ಹಿರಿಯರು ಚಪ್ಪಲಿ ಮೆಟ್ಟಿಕೊಂಡು ನಮ್ಮ ಕಡೆ ನೋಡದೆ ಹೊರಟುಹೋದರು.

ಅಂದು ರಾತ್ರಿ ನನಗೆ ಹೊಳೆದದ್ದು, ನಾನು ಪಡೆದ ಐವತ್ತು "ಅತ್ಯುತ್ತಮ"ಗಳೂ ಒಂದು ಬಗೆಯ "ಆಯ್ತು ಸ್ವಾಮಿ"ಯೇ ಎಂಬುದು. ವೇದಿಕೆಯ ಮೇಲೆ ನಿಂತು, ಉಪದೇಶ ಮಾಡಬೇಡಿ ಎಂದು ಎರಡು ಗಂಟೆ ಉಪದೇಶ ಮಾಡಿದ್ದೆ. ಅವರು ತಲೆಯಾಡಿಸಿದ್ದರು. ನಾನು ಡೈರಿಯಲ್ಲಿ ಗೆರೆ ಬರೆದುಕೊಂಡು ಮುಂದಿನ ಊರಿಗೆ ಹೋಗಿದ್ದೆ.

ಇದು ನನ್ನೊಬ್ಬನ ಅನುಭವವಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಮಿಲ್ಲರ್ ಅವರೇ ತಮ್ಮ ಪಾಠವನ್ನು ಒರೆಗೆ ಹಚ್ಚಿದ್ದಾರೆ. 2001ರಲ್ಲಿ ಅವರು ಇನ್ನೊಬ್ಬರೊಡನೆ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಅಪರಾಧಿಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಅಧಿಕಾರಿಗಳು ಮತ್ತು ಸಲಹೆಗಾರರಿಗೆ ಕಾರ್ಯಾಗಾರ ನಡೆಸಿ, ಮುಂಚಿನ ಮತ್ತು ಅನಂತರದ ಮಾತುಕತೆಗಳ ಮುದ್ರಿಕೆಗಳನ್ನು ಪರೀಕ್ಷಿಸಲಾಯಿತು. ಕಲಿತವರನ್ನು ಕೇಳಿದರೆ, ನಾವು ಬಹಳ ಕಲಿತೆವು ಎಂದರು. ಮುದ್ರಿಕೆ ಕೇಳಿದರೆ ಬದಲಾವಣೆ ಅಲ್ಪ. ಅವರ ಎದುರು ಕುಳಿತವರ ಮಾತಿನಲ್ಲಂತೂ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಕೆಡುಕೇನೆಂದರೆ, ಕಲಿತೆನೆಂದು ನಂಬಿದವನು ಮುಂದೆ ಕಲಿಯಲು ಹೋಗುವುದಿಲ್ಲ. ತರಬೇತಿ ಇಲ್ಲದಿದ್ದರೆ ಕಲಿಯುವ ಹಸಿವಾದರೂ ಉಳಿದಿರುತ್ತಿತ್ತು.

ಮುಂದೆ 2004ರಲ್ಲಿ ಇನ್ನೂ ದೊಡ್ಡ ಪರೀಕ್ಷೆಯ ಫಲ ಹೊರಬಂತು. ಚಟ ಬಿಡಿಸುವ ಕೆಲಸದಲ್ಲಿದ್ದ 140 ಮಂದಿಯನ್ನು ಚೀಟಿ ಎತ್ತಿದಂತೆ ಐದು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ಕಾರ್ಯಾಗಾರ ಮಾತ್ರ. ಇನ್ನೊಂದಕ್ಕೆ ಕಾರ್ಯಾಗಾರದ ಮೇಲೆ ಅವರ ಮುದ್ರಿಕೆ ಕೇಳಿ ತಪ್ಪು ಒಪ್ಪು ತಿಳಿಸುವುದು. ಮತ್ತೊಂದಕ್ಕೆ ದೂರವಾಣಿಯಲ್ಲಿ ಕೈಹಿಡಿದು ನಡೆಸುವುದು. ನಾಲ್ಕನೆಯದಕ್ಕೆ ಎರಡೂ. ಐದನೆಯವರು ಪುಸ್ತಕ ಮತ್ತು ಚಿತ್ರಮುದ್ರಿಕೆಗಳಿಂದ ತಾವೇ ಕಲಿಯಬೇಕು. ತಾವೇ ಕಲಿತವರಿಗೆ ಹೆಚ್ಚೇನೂ ದಕ್ಕಲಿಲ್ಲ. ಕಾರ್ಯಾಗಾರ ಮಾತ್ರ ಆದವರು ಮೊದಲು ಏರಿದರು, ಆಮೇಲೆ ಇಳಿದರು. ಹಿಂಬಾಲಿಸಿ ತಿದ್ದಿದವರಲ್ಲಿ ಕಲಿತದ್ದು ಉಳಿಯಿತು. ರೋಗಿಗಳ ಬಾಯಿಂದ ಬದಲಾವಣೆಯ ಮಾತು ಹೆಚ್ಚಾಗಿ ಬಂದದ್ದು ಎರಡೂ ಸಿಕ್ಕಿದ ಗುಂಪಿನಲ್ಲಿ.

ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿತ್ತಿದ ದಿನವೇ ಕೊಯ್ಲಿನ ಲೆಕ್ಕ ಬರೆಯುವವನನ್ನು ಊರು ನಗುತ್ತದೆ. ಆದರೆ ತರಬೇತಿಯ ಲೆಕ್ಕ ಮಾತ್ರ ಬಿತ್ತಿದ ದಿನ ಸಂಜೆಯೇ ಮುಗಿಯುತ್ತದೆ. ಇಷ್ಟು ತಲೆ, ಇಷ್ಟು ದಿನ, ಇಷ್ಟು ರೂಪಾಯಿ ಎಂದು.

ದೂರದ ದೇಶದ ಮಾತು ನಮಗೇಕೆ ಎನ್ನುವವರು ಪಕ್ಕದ ಗೋವಾ ನೋಡಬಹುದು. ಅಲ್ಲಿ ಸಂಗಾತ್ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಪ್ರಯೋಗದ ಫಲ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರು ಅದರಲ್ಲಿದ್ದರು. ಅವರೊಡನೆ ಮಾತಾಡಿದವರು ಡಾಕ್ಟರರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ, ಅಲ್ಲಿನ ಊರಿನವರೇ. ಪ್ರೇರಣಾ ಸಂವಾದದ ರೀತಿಯಲ್ಲಿ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಮೂರು ತಿಂಗಳ ಮೇಲೆ ನೋಡಿದಾಗ, ಹೀಗೆ ಮಾತುಕತೆ ಸಿಕ್ಕಿದವರಲ್ಲಿ 100ಕ್ಕೆ 36 ಮಂದಿಯ ಕುಡಿತ ಅಪಾಯದ ಮಟ್ಟದಿಂದ ಕೆಳಗಿಳಿದಿತ್ತು. ಆರೋಗ್ಯ ಕೇಂದ್ರದ ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ 26 ಮಂದಿ. ನೂರಕ್ಕೆ ಹತ್ತು ಹೆಚ್ಚು. ಹತ್ತು ಮನೆಗಳಲ್ಲಿ ಸಂಜೆಯ ಹೊತ್ತು ಹೇಗಿರುತ್ತದೆಂದು ಲೆಕ್ಕ ಹಾಕಿದರೆ ಇದು ಸಣ್ಣ ಸಂಖ್ಯೆಯಲ್ಲ. ಆ ಸಲಹೆಗಾರರಿಗೆ ಪಾಠವಾದ ಮೇಲೆ ಕೈಬಿಡಲಿಲ್ಲ. ಗುಂಪಾಗಿ ಕೂತು ಒಬ್ಬರ ಮಾತುಕತೆಯ ಮುದ್ರಿಕೆಯನ್ನು ಇನ್ನೊಬ್ಬರು ಕೇಳಿ, ಎಲ್ಲಿ ಎಡವಿದೆವು ಎಂದು ಚರ್ಚಿಸುವ ಪದ್ಧತಿಯನ್ನು ಮುಂದುವರಿಸಿದರು. ಪದವಿ ಇಲ್ಲದವರೂ ಈ ಕೆಲಸ ಮಾಡಬಲ್ಲರು, ಆದರೆ ಬೆನ್ನಿಗೆ ಒಬ್ಬರು ಬೇಕು. ನನಗೆ ಗೋವಾದ ಪಾಠ ಅದು.

ದನಕರುಗಳ ಕ್ಷೇತ್ರದಲ್ಲೂ ಈ ಕೆಲಸ ನಡೆದಿದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಪಶುವೈದ್ಯರು ರೈತರೊಡನೆ ಮಾತಾಡುವ ಬಗೆಯನ್ನು ಮುದ್ರಿಸಿ ಪರಿಶೀಲಿಸಿ 2017ರಲ್ಲಿ ಬರೆದರು. ಅಲ್ಲಿಯೂ ವೈದ್ಯರದೇ ದರ್ಬಾರು, ರೈತನ ಅಭಿಪ್ರಾಯಕ್ಕೆ ಜಾಗ ಕಡಿಮೆ. ಸ್ವೀಡನ್ನಿನಲ್ಲಿ ದನದ ವೈದ್ಯರಿಗೆ ಒಂದು ದಿನವಲ್ಲ, ಕೆಲವು ತಿಂಗಳುಗಳ ಮೇಲೆ ಹರಡಿದ ತರಬೇತಿ ಕೊಟ್ಟು ನೋಡಿದಾಗ ಅವರ ಮಾತಿನ ರೀತಿ ಸುಧಾರಿಸಿತು.

ನಮ್ಮಲ್ಲಿಯೇ ಹಿಂದೆ ತರಬೇತಿ ಮತ್ತು ಭೇಟಿ ಪದ್ಧತಿ ಎಂದು ಒಂದಿತ್ತಲ್ಲ. ಡೇನಿಯಲ್ ಬೆನೋರ್ ಅವರ ಯೋಜನೆ, ವಿಶ್ವಬ್ಯಾಂಕಿನ ನೆರವು. ಎಪ್ಪತ್ತು ಎಂಬತ್ತರ ದಶಕಗಳ ಹಿರಿಯ ರೈತರಿಗೆ ನೆನಪಿರಬಹುದು. ಹದಿನೈದು ದಿನಕ್ಕೊಮ್ಮೆ ವಿಸ್ತರಣಾ ಕಾರ್ಯಕರ್ತರಿಗೆ ಪಾಠ, ಹದಿನೈದು ದಿನಕ್ಕೊಮ್ಮೆ ಗೊತ್ತಾದ ವಾರದಂದು ಸಂಪರ್ಕ ರೈತರ ಹೊಲಕ್ಕೆ ಭೇಟಿ. ಅದರ ಕುಂದು ಬಹಳವಿತ್ತು. ಮೇಲಿನಿಂದ ಕೆಳಕ್ಕೆ ಹರಿಯುವ ಮಾತೇ ಹೊರತು ಕೆಳಗಿನಿಂದ ಮೇಲಕ್ಕೆ ಹೋದದ್ದು ಕಡಿಮೆ. ಆದರೂ ಕಲಿಸಿದವನನ್ನು ಹದಿನೈದು ದಿನಕ್ಕೆ ಮತ್ತೆ ಕಾಣಬೇಕು ಎಂಬ ಒಂದು ಒಳ್ಳೆಯ ಅಂಶ ಅದರಲ್ಲಿತ್ತು. ಪದ್ಧತಿ ಹೋಗುವಾಗ ಅದೂ ಜೊತೆಗೇ ಹೋಯಿತು.

ನನ್ನಂಥ ಸ್ವತಂತ್ರ ತರಬೇತುದಾರರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಈ ವಿದ್ಯೆ ಕಲಿಸಲು ಸರ್ಕಾರದ ಪರವಾನಗಿ ಬೇಕಾಗಿಲ್ಲ. ಮಿಲ್ಲರ್ ಮತ್ತು ರಾಲ್ನಿಕ್ ಇದನ್ನು ತಮ್ಮ ಸ್ವತ್ತೆಂದು ಬೇಲಿ ಹಾಕಿಕೊಳ್ಳಲಿಲ್ಲ. ತರಬೇತುದಾರರಿಗೇ ತರಬೇತಿ ಕೊಡುವ ಪರಿಪಾಠ 1993ರಲ್ಲಿ ಆರಂಭವಾಯಿತು, ಅದರಿಂದ ಮಿಂಟ್ ಎಂಬ ಅಂತರರಾಷ್ಟ್ರೀಯ ಜಾಲವೂ ಬೆಳೆಯಿತು. ಆದರೆ ಅದರ ಹೊರಗಿದ್ದವರು ಕಲಿಸಬಾರದೆಂಬ ಕಟ್ಟಳೆಯಿಲ್ಲ. ಬೇಲಿ ಇಲ್ಲದ್ದರಿಂದಲೇ ನಾನೂ ಒಳಗೆ ಬಂದೆ, ಆದುದರಿಂದ ದೂರುವಂತಿಲ್ಲ. ಒಂದು ಪುಸ್ತಕ ಓದಿ, ನಾಲ್ಕು ಬಣ್ಣದ ಚಿತ್ರ ತೋರಿಸಿ, ಚಪ್ಪಾಳೆ ಹೊಡೆಸಿ ಹೋಗುವವರೂ ಅದೇ ಬಾಗಿಲಿನಿಂದ ಬರುತ್ತಾರೆ. ಕರೆಸುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ನನ್ನ ಮಟ್ಟಿಗೆ ಒಂದೇ ಪ್ರಶ್ನೆ ಸಾಕು: "ತರಬೇತಿ ಆದ ಮೇಲೆ ನಮ್ಮವರು ಮಾತಾಡುವುದನ್ನು ನೀವು ಎಷ್ಟು ಸಲ ಕೇಳುತ್ತೀರಿ?" ಇದಕ್ಕೆ ತಡವರಿಸುವವರನ್ನು ಕಳಿಸಿಬಿಡಬಹುದು.

ಈಗ ನಾನು ಒಪ್ಪಿಕೊಳ್ಳುವುದು ಹೀಗೆ. ಹದಿನೈದು ಇಪ್ಪತ್ತು ಮಂದಿಗೆ ಮೀರದಂತೆ ಎರಡು ದಿನ. ಆಮೇಲೆ ಆರು ತಿಂಗಳು, ತಿಂಗಳಿಗೊಂದು ಮುದ್ರಿಕೆ ಪ್ರತಿಯೊಬ್ಬರಿಂದ. ಅದನ್ನು ಕೇಳಿ ಫೋನಿನಲ್ಲಿ ಅರ್ಧ ಗಂಟೆ ಮಾತು. ಹಿಂದೆ ಇದಕ್ಕೆ ಟೇಪ್ ರೆಕಾರ್ಡರ್ ಹೊತ್ತು ತಿರುಗಬೇಕಿತ್ತು. ಈಗ ಎಲ್ಲರ ಜೇಬಿನಲ್ಲೂ ಯಂತ್ರವಿದೆ. ಈ ಷರತ್ತು ಹಾಕಿದ ಮೇಲೆ ಕರೆಯುವವರು ಅರ್ಧಕ್ಕಿಂತ ಕಡಿಮೆಯಾದರು. ಒಂದು ವರ್ಷ ಮನೆ ನಡೆಸುವುದು ಕಷ್ಟವೇ ಆಯಿತು, ತಮ್ಮನ ಅಡಿಕೆಯ ಪಾಲಿನಿಂದ ಸಾಲ ಪಡೆದೆ. ಬೇರೆ ತರಬೇತುದಾರರಿಗೆ ಇದನ್ನೇ ಮಾಡಿ ಎಂದು ಹೇಳಲು ನನಗೆ ಬಾಯಿಲ್ಲ. ಅವರವರ ಒಲೆ ಅವರವರಿಗೆ ಗೊತ್ತು. ಆದುದರಿಂದಲೇ ಒತ್ತಾಯ ಕರೆಸುವವರ ಕಡೆಯಿಂದ, ಅಂದರೆ ನಿಮ್ಮ ಕಡೆಯಿಂದ ಬರಬೇಕು ಎನ್ನುತ್ತೇನೆ.

ಈ ವಿದ್ಯೆಯನ್ನು ಎಲ್ಲದಕ್ಕೂ ಮದ್ದೆಂದು ಮಾರುವವರನ್ನೂ ನಂಬಬಾರದು. ಈದ ಹಸು ಹಾಲುಜ್ವರದಿಂದ ನೆಲ ಹಿಡಿದು ಮಲಗಿರುವಾಗ, ಇದರ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಕೇಳುತ್ತ ಕೂತ ವೈದ್ಯರನ್ನು ಓಡಿಸಬೇಕು. ಅಲ್ಲಿ ಬೇಕಾದುದು ನರಕ್ಕೆ ಕ್ಯಾಲ್ಸಿಯಂ. ಮನಸ್ಸು ಮಾಡಿಯಾಗಿರುವ ರೈತನಿಗೂ ಇದು ಬೇಡ, ಹೇಗೆ ಮಾಡಬೇಕೆಂದು ತೋರಿಸಿದರೆ ಸಾಕು. ಇನ್ನು ಪ್ರೇರಣೆ ಎಂಬ ಹೆಸರಿನಲ್ಲೇ ಒಂದು ಅಪಾಯವಿದೆ. ಹನಿ ನೀರಾವರಿ ಹಾಕದವನಿಗೆ ಪ್ರೇರಣೆಯ ಕೊರತೆ ಎಂದು ವರದಿ ಬರೆಯುವವರನ್ನು ನೋಡಿದ್ದೇನೆ. ಅವನಿಗೆ ಕೊರತೆಯಿರುವುದು ಕೊಳವೆಬಾವಿಯಲ್ಲಿ ನೀರು. ಕೈಯಲ್ಲಿ ಕಾಸಿಲ್ಲದ್ದನ್ನು ಮನಸ್ಸಿನ ದೋಷವೆಂದು ಕರೆಯಬಾರದು. ಚೆನ್ನಾಗಿ ಕಲಿತ ಸಲಹೆಗಾರನಾದರೆ ಹತ್ತು ನಿಮಿಷದ ಮಾತಿನಲ್ಲಿ ಅದು ಅವನಿಗೇ ತಿಳಿಯುತ್ತದೆ. ತಿಳಿದ ಮೇಲೆ ಮೇಲಿನವರಿಗೆ ಬರೆದು ತಿಳಿಸುವ ಧೈರ್ಯ ಬೇಕು. ಅದನ್ನು ನಾನು ಕಲಿಸಲಾರೆ.

ಒಮ್ಮೆ ಔಷಧಿ, ಗೊಬ್ಬರ ಮಾರುವವರೊಬ್ಬರು ತಮ್ಮ ಮಾರಾಟಗಾರರಿಗೆ ಇದನ್ನು ಕಲಿಸಿಕೊಡಿ, ಕೇಳಿದಷ್ಟು ಕೊಡುತ್ತೇವೆ ಎಂದು ಬಂದಿದ್ದರು. ರೈತನ ಬಾಯಿಂದಲೇ "ಬೇಕು" ಎನ್ನಿಸುವ ವಿದ್ಯೆ ಎಂದು ಯಾರೋ ಹೇಳಿದ್ದರಂತೆ. ಮಿಲ್ಲರ್ ಮತ್ತು ರಾಲ್ನಿಕ್ 2013ರ ಆವೃತ್ತಿಯಲ್ಲಿ ಕರುಣೆ ಎಂಬುದನ್ನು ಇದರ ಮೂಲಗುಣಗಳಲ್ಲಿ ಸೇರಿಸಿದ್ದು ಇಂಥವರಿಗಾಗಿಯೇ ಎಂದು ನನಗೆ ತೋರುತ್ತದೆ. ಎದುರಿನವರ ಹಿತಕ್ಕಲ್ಲದೆ ತನ್ನ ಲಾಭಕ್ಕೆ ಬಳಸಿದರೆ ಅದು ಆ ವಿದ್ಯೆಯೇ ಅಲ್ಲ. ಹೋಗಲಿಲ್ಲ. ಬೇರೆ ಯಾರಾದರೂ ಹೋಗಿರಬಹುದು.

ನಿಮ್ಮ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ತರಬೇತಿ ವೆಚ್ಚ ಎಂಬ ಬಾಬು ಬರುತ್ತದೆ. ಅದನ್ನು ಓದಿ ಮುಂದಕ್ಕೆ ಹೋಗಲು ಬಿಡಬೇಡಿ. ಯಾರಿಗೆ ಕೊಟ್ಟಿರಿ, ಎಷ್ಟು ದಿನ, ಆಮೇಲೆ ಯಾರು ಹೋಗಿ ನೋಡಿದರು ಎಂದು ಎದ್ದು ನಿಂತು ಕೇಳಿ. ಮನೆಗೆ ಬಂದ ವೈದ್ಯರೋ ಸಲಹೆಗಾರರೋ ನಿಮ್ಮ ಮಾತನ್ನು ಮುದ್ರಿಸಿಕೊಳ್ಳಬಹುದೇ ಎಂದು ಕೇಳಿದರೆ, ಏಕೆ, ಯಾರು ಕೇಳುತ್ತಾರೆ, ಆಮೇಲೆ ಅಳಿಸುತ್ತೀರಾ ಎಂದು ವಿಚಾರಿಸಿ. ಒಲ್ಲೆನೆನ್ನುವ ಹಕ್ಕು ನಿಮ್ಮದು. ಒಪ್ಪುವುದಾದರೆ ಒಂದು ಉಪಕಾರ ಮಾಡಿ: ಮನಸ್ಸಿಗೆ ಬಾರದ ಸಲಹೆಗೆ "ಆಯ್ತು ಸ್ವಾಮಿ" ಎನ್ನಬೇಡಿ. ಆಗುವುದಿಲ್ಲ, ಏಕೆಂದರೆ ಹೀಗೆ ಎಂದುಬಿಡಿ. ಕಲಿಯುವವರಿಗೆ ಅಂಥ ಒಂದು ಮುದ್ರಿಕೆ ನನ್ನ ಎರಡು ದಿನದ ಪಾಠಕ್ಕೆ ಸಮ.

ಮೊದಲು ಹೇಳಿದ ಕೆಚ್ಚಲು ಬಾವಿನ ಹಸುವಿನ ಕಡೆಗೆ ಹೋದ ತಿಂಗಳು ಹೋಗಿದ್ದೆ. ಹಟ್ಟಿಯ ಗೂಟಕ್ಕೆ ಚಿಕ್ಕ ಲೋಟ ನೇತುಹಾಕಿತ್ತು, ಅಂಚಿನಲ್ಲಿ ಅಯೋಡಿನ್ನಿನ ಕಂದು ಕಲೆ. ಆ ಸೂಲಿನಲ್ಲಿ ಮತ್ತೆ ಬಾವು ಬಂದಿತ್ತೆ ಎಂದು ಯಜಮಾನರನ್ನು ಕೇಳಿದೆ. "ನನ್ನ ಕೇಳ್ತೀರಲ್ಲ ಸ್ವಾಮಿ, ಕರೆಯೋರು ಒಳಗಿದ್ದಾರೆ, ಅವರನ್ನ ಕೇಳಿ" ಎಂದರು.